ಕಂಡಷ್ಟನ್ನೇ ಹೇಳಿದ ಲಿಯೊನಿಲಾ

ಲಿಯೊನಿಲಾ ಸೊಬ್ರೆವೆಗಾ ಇಪ್ಪತ್ತು ವರ್ಷ ನಮ್ಮ ಊರಿನ ರೇಡಿಯೋದಲ್ಲಿ ಮಧ್ಯಾಹ್ನದ ಸುದ್ದಿ ಓದಿದಳು. ಆ ಇಪ್ಪತ್ತು ವರ್ಷವೂ ಊರಿನ ಸತ್ತವರನ್ನೆಲ್ಲ ನನ್ನ ಖಾನಾವಳಿಗೆ ತಂದು ಬಿಟ್ಟು ಹೋದಳು. ಇದು ನಾನು ಬೆನ್ನ ಹಿಂದೆ ಹೇಳುವ ಮಾತಲ್ಲ, ಅವಳ ಮುಖಕ್ಕೇ ನೂರು ಸಲ ಹೇಳಿದ್ದೇನೆ.

ಸಾವಿನ ಮನೆಗೆ ಹೋದವರು ಅಲ್ಲಿಂದ ನೇರ ತಮ್ಮ ಮನೆಗೆ ಹೋಗಬಾರದು. ನಡುವೆ ಎಲ್ಲಾದರೂ ಒಂದು ಕಡೆ ಕೂತೆದ್ದು ಹೋಗಬೇಕು, ಇಲ್ಲದಿದ್ದರೆ ಸತ್ತವರು ಹಿಂದೆಯೇ ಬಂದು ಮನೆ ಸೇರಿಕೊಳ್ಳುತ್ತಾರೆ. ನಮ್ಮ ಸಾನ್ ಎಲಾದಿಯೊ ಬಂದರಿನಲ್ಲಿ ಡಾಕ್ಟರಿಂದ ಹಿಡಿದು ಮೇಯರವರೆಗೆ ಯಾರೂ ಇದನ್ನು ಮೀರುವವರಲ್ಲ. ಸುದ್ದಿಯ ಕೆಲಸ ಹಿಡಿದವಳಿಗೆ ವಾರಕ್ಕೆ ಮೂರು ಸಾವಿನ ಮನೆ. ರೇಡಿಯೋ ಕೇಂದ್ರಕ್ಕೂ ಅವಳ ಮನೆಗೂ ನಡುವೆ ಇದ್ದದ್ದು ನನ್ನ ಖಾನಾವಳಿ. ಹಾಗಾಗಿ ಬಂದು, ಮೂಲೆಯ ಬೆಂಚಿನ ಮೇಲೆ ಕೂತು, ಒಂದು ಬಟ್ಟಲು ಬಿಸಿ ಬಾಚೊಯ್, ಅಂದರೆ ಶ್ಯಾವಿಗೆ ಸಾರು, ಮುಂದಿಟ್ಟುಕೊಂಡು, ಶ್ಯಾವಿಗೆಯನ್ನು ಬಿಟ್ಟು ಬರೀ ಸಾರು ಕುಡಿಯುತ್ತಿದ್ದಳು.

"ಸತ್ತೋರನ್ನೆಲ್ಲ ಇಲ್ಲಿ ಇಳಿಸಿ ನೀನು ಹಾಯಾಗಿ ಮನೆಗೆ ಹೋಗ್ತೀಯ. ಅವರಿಗೂ ಸೇರಿಸಿ ನಾನು ಅನ್ನ ಬೇಯಿಸ್ಬೇಕಾ?" ಎಂದು ನಾನು ಕೇಳುತ್ತಿದ್ದೆ.

"ಅವರು ತಿನ್ನಲ್ಲ ಬಿಡಿ, ಮನಾಂಗ್ ಬಾಸಿಂಗ್. ಸಾರಲ್ಲಿ ಉಪ್ಪು ಜಾಸ್ತಿ ಅಂತ ಜಗಳಾನೂ ತೆಗೆಯಲ್ಲ. ನಿಮ್ಮ ಗಿರಾಕಿಗಳಲ್ಲಿ ಅವರೇ ವಾಸಿ" ಎನ್ನುತ್ತಿದ್ದಳು. ನಗುತ್ತಿರಲಿಲ್ಲ. ನಾನು ಅವಳಿಗಿಂತ ಮೂರು ವರ್ಷ ದೊಡ್ಡವಳಾದ್ದರಿಂದ ಮನಾಂಗ್, ಅಂದರೆ ಅಕ್ಕ. ಅವಳು ನನಗೆ ನಿಲಾ.

ಈಗಿನ ಹುಡುಗಿಯರಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಅದಕ್ಕೂ ಮೊದಲು ನಿಲಾ ಸಿನಿಮಾದಲ್ಲಿದ್ದಳು. ಮನಿಲಾದವರು ಅವಳಿಗೆ ಮಿರೆಲ್ಲಾ ವೇಗಾ ಎಂದು ಹೆಸರಿಟ್ಟಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಹಡಗು ಹತ್ತಿ ಹೋದವಳು, ಹನ್ನೊಂದು ವರ್ಷದಲ್ಲಿ ನಲವತ್ತಾರು ಸಿನಿಮಾ ಮಾಡಿದಳು. ಒಂದರಲ್ಲೂ ನಾಯಕಿಯಾಗಲಿಲ್ಲ. ಮೂಗು ಸ್ವಲ್ಪ ಮೊಂಡು, ಬಣ್ಣ ನಮ್ಮೆಲ್ಲರ ಬಣ್ಣ. ಆ ಕಾಲದ ನಾಯಕಿಗೆ ಹಾಲಿನಂಥ ಮೈಬಣ್ಣ, ಸ್ಪೇನಿನ ಮೂಗು ಬೇಕಿತ್ತು. ನಿಲಾಳಿಗೆ ಸಿಕ್ಕದ್ದು ಅಳುವ ಕೆಲಸ. ಶವಪೆಟ್ಟಿಗೆಯ ಮೇಲೆ ಬಿದ್ದು ಹೊರಳುವ ವಿಧವೆ, ಮಗು ಕಳೆದುಕೊಂಡ ಅಕ್ಕ, ನಾಯಕಿಗಾಗಿ ಪ್ರಾಣ ಕೊಡುವ ದಾಸಿ. ಬಂದರಿನ ಥಿಯೇಟರಿನಲ್ಲಿ ಅವಳ ಸಿನಿಮಾ ಬಂದರೆ ನಮ್ಮ ಹೆಂಗಸರು ಟವೆಲ್ಲೇ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ನಾನೂ ಹೋಗಿದ್ದೇನೆ. ನನ್ನ ಗಂಡ ಸತ್ತಾಗ ನನಗೆ ಅಷ್ಟು ಅಳು ಬರಲಿಲ್ಲ, ಅವಳ ಸಿನಿಮಾದ ಗಂಡ ಸತ್ತಾಗ ಬಂದಿತ್ತು.

ಅದನ್ನು ಒಮ್ಮೆ ಹೇಳಿದೆ. ಅವಳು ಸಾರಿನ ಬಟ್ಟಲಿನಿಂದ ಮುಖ ಎತ್ತಲಿಲ್ಲ.

"ಯಾವ ಗಂಡ?" ಎಂದಳು.

"ಅದೇ, ಯುದ್ಧದಿಂದ ಪೆಟ್ಟಿಗೇಲಿ ಬಂದೋನು."

"ಓ, ಅವನಾ. ಅವತ್ತು ಕ್ಯಾಮೆರಾ ಕೆಟ್ಟಿತ್ತು. ಬೆಳಗ್ಗೆ ಆರಕ್ಕೆ ಶುರು ಮಾಡಿ ಸಂಜೆವರೆಗೂ ಒಂದೇ ಪೆಟ್ಟಿಗೆ ಮೇಲೆ ಇಪ್ಪತ್ತೆರಡು ಸಲ ಬಿದ್ದೆ. ಒಳಗೆ ಮಲಗಿದ್ದೋನು ಗೊರಕೆ ಹೊಡೀತಿದ್ದ."

ನಾನು ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದೆ. ನನ್ನ ಅಷ್ಟೊಂದು ಕಣ್ಣೀರು ಒಬ್ಬ ಗೊರಕೆಯವನ ಪಾಲಾಗಿತ್ತಲ್ಲ.

ಅವಳ ತಾಯಿಗೆ ಪಾರ್ಶ್ವವಾಯು ಹೊಡೆದಾಗ ಊರಿಗೆ ಬಂದಳು. ಆಗ ಮೂವತ್ತು ವರ್ಷ. ಮರಳಿ ಹೋಗಲಿಲ್ಲ. ರೇಡಿಯೋದಲ್ಲಿ ಮೊದಲು ನಾಟಕಕ್ಕೆ ದನಿ ಕೊಟ್ಟಳು. ಸುದ್ದಿ ಓದುವವನು ಸೌದಿಗೆ ಕೆಲಸ ಸಿಕ್ಕಿ ಹೊರಟುಹೋದ. ಹೊಸಬ ಸಿಗುವವರೆಗೆ ನೀನೇ ಓದು ಎಂದು ಅವಳನ್ನು ಕೂರಿಸಿದರು. ಹೊಸಬ ಇವತ್ತಿನವರೆಗೂ ಸಿಕ್ಕಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಎರಡನೇ ವರ್ಷ ಅಂತ ಕಾಣುತ್ತದೆ, ಎದುರಿನ ದ್ವೀಪಕ್ಕೆ ಹೋಗುವ ದೋಣಿ ಮಗುಚಿತು. ಹತ್ತೊಂಬತ್ತು ಜನ ಹೋದರು. ಹೆಸರುಗಳನ್ನು ಓದುತ್ತಾ ಓದುತ್ತಾ ನಿಲಾ ಅತ್ತುಬಿಟ್ಟಳು. ಅದು ನಿಜವಾದ ಅಳು. ಸತ್ತವರಲ್ಲಿ ಅವಳ ಜೊತೆ ಶಾಲೆಗೆ ಹೋದವಳೊಬ್ಬಳಿದ್ದಳು. ಮರುದಿನ ಅವಳು ಮೀನು ಪೇಟೆಗೆ ಹೋದರೆ ಹೆಂಗಸರು ಸುತ್ತುವರಿದು, "ಏನು ಅತ್ರಿ ನಿನ್ನೆ, ಸಿನಿಮಾ ನೋಡಿದ ಹಾಗೇ ಆಯ್ತು" ಎಂದರು. ಒಬ್ಬಳು ಬಲವಂತವಾಗಿ ಒಂದು ಮೀನನ್ನೂ ಕೊಟ್ಟಳಂತೆ. ಮೀನು ಹಿಡಿದು ನಿಂತಾಗ ಒಬ್ಬ ಗಂಡಸು ಹತ್ತಿರ ಬಂದ. ಅವನ ಹೆಂಡತಿ ಆ ದೋಣಿಯಲ್ಲಿದ್ದಳು.

"ನನ್ನ ಹೆಂಡ್ತಿ ಹೆಸರು ಓದಿದಾಗ ಅತ್ರಿ. ಆ ವಿಧವೆ ಪಾರ್ಟಲ್ಲಿ ಅತ್ತಿದ್ರಲ್ಲ, ಅದೇ ಥರ ಇತ್ತು. ಅದೇ ಬಿಕ್ಕು. ನನ್ನ ಹೆಂಡ್ತಿ ನಿಜವಾಗ್ಲೂ ಸತ್ತಿದಾಳೆ, ಮನಾಂಗ್" ಎಂದು ಹೇಳಿ ಹೋದ. ಬೈಯಲಿಲ್ಲ, ಕೂಗಲಿಲ್ಲ.

ಅವತ್ತು ನನ್ನ ಅಂಗಡಿಗೆ ಬಂದು ಆ ಮೀನನ್ನು ಬೆಂಚಿನ ಮೇಲಿಟ್ಟಳು. "ನನ್ನ ಹತ್ರ ಇರೋದು ಒಂದೇ ಅಳು. ಅದನ್ನ ಮನಿಲಾದಲ್ಲಿ ಮಾರಿಬಿಟ್ಟೆ. ಇನ್ನು ಯಾರು ನಂಬ್ತಾರೆ?" ಎಂದಳು. ಆಮೇಲೆ ಅವಳು ರೇಡಿಯೋದಲ್ಲಿ ಅಳಲಿಲ್ಲ. ದನಿ ಏರಿಸಲಿಲ್ಲ, ಇಳಿಸಲಿಲ್ಲ. ಅಯ್ಯೋ ಪಾಪ ಎನ್ನಲಿಲ್ಲ. ಎಲ್ಲಿ ಏನಾಯಿತೋ ಅಲ್ಲಿಗೆ ತಾನೇ ಹೋಗಿ, ಕಣ್ಣಿಗೆ ಬಿದ್ದಷ್ಟನ್ನು ನೋಡಿ ಬಂದು ಹೇಳುತ್ತಿದ್ದಳು. ಬಾಗಿಲಿಗೆ ಯಾವ ಬಣ್ಣ, ಅಂಗಳದಲ್ಲಿ ಎಷ್ಟು ಕುರ್ಚಿ, ತಾಯಿ ಕೂತಿದ್ದಳೋ ನಿಂತಿದ್ದಳೋ. ಅಷ್ಟೆ.

ಜನಕ್ಕೆ ಇದು ಹಿಡಿಸಲಿಲ್ಲ. ಸಾವಿನ ಮನೆಯಲ್ಲಿ ಹೆಣ ಕಾಯಲು ಇಸ್ಪೀಟು ಆಡುತ್ತಾ ಕೂತವರೂ ಕಾರ್ಡು ಕೆಳಗಿಟ್ಟು ಅವಳ ಕಣ್ಣನ್ನೇ ನೋಡುತ್ತಿದ್ದರು, ಈಗ ಅಳುತ್ತಾಳೆ, ಇನ್ನೇನು ಅಳುತ್ತಾಳೆ ಎಂದು. ಅಳದೇ ಹೋದರೆ, "ದುಡ್ಡು ಕೊಟ್ರೆ ಮಾತ್ರ ಬರತ್ತೇನೋ" ಎಂದು ಬೆನ್ನಿಗೆ ಕೇಳುವ ಹಾಗೆ ಅನ್ನುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಹಾಕಿಕೊಳ್ಳುತ್ತಿದ್ದಳು. ನನ್ನ ಬೆಂಚಿನ ಮೇಲೆ ಕೂತಾಗ ಆ ಮಾತುಗಳೆಲ್ಲ ಅವಳ ಹೆಗಲ ಮೇಲೆ ಕಾಣುತ್ತಿದ್ದವು. ಐವತ್ತು ದಾಟುವ ಹೊತ್ತಿಗೆ ಅವಳಿಗೆ ಎಷ್ಟು ಸುಸ್ತಾಗಿತ್ತೆಂದರೆ, ಕೂತಲ್ಲೇ ಕಣ್ಣು ಮುಚ್ಚಿ, ಸಾರು ಆರಿಹೋಗಿ ಅದರ ಮೇಲೆ ಕೊಬ್ಬು ಕಟ್ಟಿದರೂ ಎಚ್ಚರವಾಗುತ್ತಿರಲಿಲ್ಲ. ಎರಡು ಸಾವಿರದ ನಾಲ್ಕರಲ್ಲಿ ಅವಳಿಗೆ ಐವತ್ತೆರಡು. ಆ ವರ್ಷವೇ ಜೋನಾರ್ ಸತ್ತದ್ದು.

ಜೋನಾರ್ ಪಲೊಮರಿಯಾ ನಮ್ಮ ಹಿಂದಿನ ಬೀದಿಯ ಹೆನಾಳ ಒಬ್ಬನೇ ಮಗ. ಇಪ್ಪತ್ತಾರು ವರ್ಷ. ಬಂದರಿನ ಐಸ್ ಕಾರ್ಖಾನೆಯಲ್ಲಿ ಕೆಲಸ. ಮೀನಿಗೆ ಹಾಕುವ ದೊಡ್ಡ ದೊಡ್ಡ ಐಸ್ ಗಡ್ಡೆಗಳನ್ನು ಕೊಕ್ಕೆಯಿಂದ ಎಳೆಯುವುದು. ಆ ಕಾರ್ಖಾನೆಯ ಅಮೋನಿಯಾ ಪೈಪು ತೂತು ಬಿದ್ದು ಅವನ ಜೊತೆಯವನೊಬ್ಬನ ಕಣ್ಣು ಹೋಗಿತ್ತು. ಪೈಪು ಬದಲಿಸಿ ಎಂದು ಜೋನಾರ್ ಒಂದು ಕಾಗದ ಬರೆದು ಎಲ್ಲರ ಸಹಿ ತೆಗೆದುಕೊಳ್ಳುತ್ತಿದ್ದ. ನಲವತ್ತೊಂದು ಸಹಿ ಆಗಿತ್ತು. ಒಂದು ಮಂಗಳವಾರ ಬೆಳಗ್ಗೆ ಹಡಗುಕಟ್ಟೆಯ ಕೆಳಗೆ ಅವನ ಹೆಣ ತೇಲಿತು. ಆ ಕಾಗದ ಅವನ ಬಳಿಯೂ ಸಿಗಲಿಲ್ಲ, ಮನೆಯಲ್ಲೂ ಸಿಗಲಿಲ್ಲ.

ಕುಡಿದಿದ್ದ, ಜಾರಿ ಬಿದ್ದ ಎಂದು ಕಾರ್ಖಾನೆಯವರು ಹೇಳಿದರು. ಪೊಲೀಸರು ಅದನ್ನೇ ಬರೆದುಕೊಂಡು ಕೈ ತೊಳೆದುಕೊಂಡರು. ಬೀದಿಯವರು ಅದನ್ನೇ ಬಾಯಿಂದ ಬಾಯಿಗೆ ದಾಟಿಸಿದರು. ಯಾಕೆಂದರೆ ಹೆನಾಳ ಗಂಡ ತೆಂಗಿನ ಹೆಂಡ ಕುಡಿದೂ ಕುಡಿದೂ ಸತ್ತವನು. "ಅಪ್ಪನ ಹಾಗೇ ಮಗ" ಎನ್ನುವುದು ಎಷ್ಟು ಸುಲಭ ನೋಡಿ. ಆದರೆ ಜೋನಾರ್ ಹನ್ನೊಂದನೇ ವಯಸ್ಸಿನಲ್ಲಿ, ಅಪ್ಪನ ಹೆಣದ ಮುಂದೆ, ಬಾಲಯೇಸುವಿನ ಮೂರ್ತಿ ಮುಟ್ಟಿ ಆಣೆ ಮಾಡಿದ್ದ. ಅಲ್ಲಿಂದ ಒಂದು ತೊಟ್ಟು ಮುಟ್ಟಿರಲಿಲ್ಲ. ನನ್ನ ಅಂಗಡಿಯಲ್ಲಿ ಹುಟ್ಟುಹಬ್ಬಕ್ಕೆ ಯಾರಾದರೂ ಬಿಯರ್ ಕೊಡಿಸಿದರೆ ಶುಂಠಿ ಕಷಾಯ ಕೊಡಿ ಎನ್ನುತ್ತಿದ್ದ. ನಾನು ಕಣ್ಣಾರೆ ಕಂಡವಳು.

ಹೆನಾಳಿಗೆ ಕೊಂದವನು ಸಿಗಲಿ ಎನ್ನುವ ಆಸೆಯೂ ಇರಲಿಲ್ಲ. ಅಷ್ಟು ದೊಡ್ಡ ಆಸೆ ನಮ್ಮಂಥವರು ಇಟ್ಟುಕೊಳ್ಳುವುದಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ, ಮಗ ಕುಡುಕನೆಂದು ಹೂಳಬಾರದು. ಭಾನುವಾರ ಅಂತ್ಯಕ್ರಿಯೆ. ಅಲ್ಲಿಯವರೆಗೆ ನಮ್ಮಲ್ಲಿ ಹೆಣವನ್ನು ಔಷಧಿ ಹಾಕಿ, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಮನೆಯಲ್ಲೇ ಇಡುತ್ತಾರೆ. ಭಾನುವಾರ ಕಳೆದರೆ ಊರಿಗೆ ಅದೇ ನಿಜ. ಆಮೇಲೆ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಗುರುವಾರ ಬೆಳಗ್ಗೆ ಗಂಜಿ ಪಾತ್ರೆ ಹೊತ್ತು ಹೋದವಳು ನಾನು ಬಾಗಿಲಲ್ಲೇ ನಿಂತೆ. ಶವಪೆಟ್ಟಿಗೆಯ ಗಾಜಿನ ಮೇಲೆ, ಜೋನಾರನ ಎದೆಯ ನೇರಕ್ಕೆ, ಒಂದು ಕೋಳಿಮರಿ ನಿಂತಿತ್ತು. ಹೆನಾ ಅದಕ್ಕೆ ಅಕ್ಕಿ ಚೆಲ್ಲುತ್ತಿದ್ದಳು. ಅದು ಟಕ್ ಟಕ್ ಎಂದು ಗಾಜನ್ನು ಕುಕ್ಕಿ ಕುಕ್ಕಿ ತಿನ್ನುತ್ತಿತ್ತು.

ನಮ್ಮಲ್ಲಿ ಕೊಲೆಯಾದವನ ಪೆಟ್ಟಿಗೆಯ ಮೇಲೆ ಮಾತ್ರ ಕೋಳಿಮರಿ ಬಿಡುತ್ತಾರೆ. ಅದು ಕುಕ್ಕಿದಾಗಲೆಲ್ಲ ಕೊಂದವನ ಎದೆಯನ್ನು ಕುಕ್ಕಿದ ಹಾಗೆ. ಬಾಯಿಬಿಟ್ಟು ಒಂದು ಮಾತು ಆಡಬೇಕಾಗಿಲ್ಲ, ಮರಿ ಇಟ್ಟರೆ ಹೇಳಿದಂತೆಯೇ. ಹಿರಿಯರ ಕಾಲದಲ್ಲಿ ಧೈರ್ಯವಾಗಿ ಇಡುತ್ತಿದ್ದರು. ಈಗ ಯಾರು ಇಡುತ್ತಾರೆ? ಅರ್ಧ ಊರು ಆ ಕಾರ್ಖಾನೆಯ ಐಸಿನಿಂದ ಬದುಕುವುದು.

"ಹೆನಾ, ತೆಗಿ ಅದನ್ನ" ಎಂದೆ. ನಾನೇ ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ.

"ಗಂಜಿ ಅಲ್ಲಿಡಿ, ಮನಾಂಗ್" ಎಂದಳು. ತೆಗೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತು. ಇಸ್ಪೀಟಿನ ಮೇಜು ಖಾಲಿಯಾಯಿತು. ಪ್ರಾರ್ಥನೆ ಹೇಳಿಕೊಡುವ ಮುದುಕಿಗೆ ಇದ್ದಕ್ಕಿದ್ದಂತೆ ಮೊಣಕಾಲು ನೋವು ಬಂತು. ನಾನು ತಂದಿಟ್ಟ ಗಂಜಿಯಲ್ಲಿ ಮುಕ್ಕಾಲು ಪಾಲು ಹಾಗೇ ಉಳಿದು, ಸಂಜೆ ನಾಯಿಗೆ ಹಾಕಿದೆವು.

ಶುಕ್ರವಾರ ಮಧ್ಯಾಹ್ನ ಸುದ್ದಿ ಓದಿ ಮುಗಿಸಿ ನಿಲಾ ಬಂದಳು. ನಾನು ಅಲ್ಲೇ ಇದ್ದೆ. ಪೆಟ್ಟಿಗೆಯ ಹತ್ತಿರ ತುಂಬ ಹೊತ್ತು ನಿಂತಳು. ಮರಿಯನ್ನು ನೋಡಿದಳು. ಹೆನಾ ಅವಳ ಕೈ ಹಿಡಿದಳು.

"ಮನಾಂಗ್ ನಿಲಾ, ರೇಡಿಯೋದಲ್ಲಿ ಒಂದು ಮಾತು ಹೇಳಿ. ನನ್ನ ಮಗ ಕುಡಿದಿರ್ಲಿಲ್ಲ ಅಂತ."

"ಇಂದಾಯ್, ತಂಗೀ, ನಾನದನ್ನ ನೋಡಿಲ್ಲ."

"ನಾನು ಹೇಳ್ತಿದೀನಲ್ಲ."

"ನೀನು ಹೇಳಿದೆ ಅಂತ ನಾನು ಓದಿದ್ರೆ, ನಾಳೆ ಕಾರ್ಖಾನೆಯವರು ಇನ್ನೊಂದು ಹೇಳಿದ್ರು ಅಂತಾನೂ ಓದ್ಬೇಕಾಗತ್ತೆ. ಅವರ ಮಾತು ಹತ್ತು ಸಲ ಓದಿಸ್ತಾರೆ. ನಿನ್ನದು ಒಂದು ಸಲ. ನಾನು ನೋಡಿದ್ದನ್ನ ಮಾತ್ರ ಹೇಳೋಕಾಗೋದು."

ಹೆನಾ ಕೈ ಬಿಟ್ಟಳು. "ಸಿನಿಮಾದಲ್ಲಿ ಕಾಣದ್ದಕ್ಕೆಲ್ಲ ಎದೆ ಬಡ್ಕೊಂಡ್ರಿ. ನನ್ನ ಮಗನಿಗೆ ಮಾತ್ರ ನಿಮಗೆ ಸಾಕ್ಷಿ ಬೇಕು. ಹೋಗಿ, ಹೋಗಿ. ಬಂದಿದ್ದಕ್ಕೆ ಒಳ್ಳೇದಾಯ್ತು" ಎಂದಳು.

ಸಾವಿನ ಮನೆಯವರು ಬಂದವರನ್ನು ಬಾಗಿಲವರೆಗೆ ಕಳಿಸಲು ಬರಬಾರದು. ಹಾಗಾಗಿ ಅವಳು ಕೂತಲ್ಲೇ ಮುಖ ತಿರುಗಿಸಿಕೊಂಡಳು.

ನನ್ನ ಅಂಗಡಿಗೆ ಬಂದಾಗ ನಿಲಾಳನ್ನು ನಾನೂ ಬಿಡಲಿಲ್ಲ. ಬಟ್ಟಲನ್ನು ಕುಕ್ಕಿ ಇಟ್ಟೆ.

"ಏನಾಗ್ತಿತ್ತು ನಿನಗೆ? ಒಂದು ವಾಕ್ಯ."

"ಒಂದು ವಾಕ್ಯಕ್ಕೆ ಜೈಲಿಗೆ ಕಳಿಸ್ತಾರೆ ಮನಾಂಗ್, ಗೊತ್ತಿಲ್ವಾ? ಮಾನನಷ್ಟ ಅಂತ ಕೇಸು ಜಡೀತಾರೆ. ಗಂಟೆಗೊಂದು ಸಲ ನಮ್ಮ ರೇಡಿಯೋದಲ್ಲಿ ಬರೋ ಜಾಹೀರಾತು ಯಾರದ್ದು? ಅದೇ ಐಸಿಂದು."

"ಹಂಗಾದ್ರೆ ಹೆದರಿಕೆ ಅನ್ನು. ಕಂಡದ್ದು ಕಾಣದ್ದು ಅಂತ ಯಾಕೆ ಕಥೆ ಹೊಡೀತೀಯ?"

"ಹೆದರಿಕೇನೂ ಇದೆ" ಎಂದಳು. "ಆದ್ರೆ ಅದಲ್ಲ. ನಾಳೆ ನಾನು, ಅವನು ಕುಡಿದಿರ್ಲಿಲ್ಲ ಅಂತೀನಿ ಅನ್ಕೊಳ್ಳಿ. ಊರೋರು ಏನಂತಾರೆ? ಮಿರೆಲ್ಲಾ ವೇಗಾ ಮತ್ತೆ ಶುರು ಮಾಡಿದ್ಲು ಅಂತಾರೆ. ಎಷ್ಟು ಚೆನ್ನಾಗಿ ಹೇಳಿದ್ಲು ಅಂತಾರೆ. ಆ ಹುಡುಗನ ಸಾವೂ ನಲವತ್ತೇಳನೇ ಸಿನಿಮಾ ಆಗತ್ತೆ." ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನನಗೆ ಸಾಕಾಗಿದೆ, ಬಾಸಿಂಗ್. ನಿಜವಾಗ್ಲೂ ಸಾಕಾಗಿದೆ."

ಅವಳು ನನ್ನನ್ನು ಮನಾಂಗ್ ಎನ್ನದೆ ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನನ್ನ ಕೋಪ ಇಳಿಯಿತು. ಆರಿದ ಸಾರನ್ನು ತೆಗೆದು ಬೇರೆ ಬಿಸಿ ಸಾರು ಹಾಕಿಕೊಟ್ಟೆ.

ಮರುದಿನ ಶನಿವಾರ. ಹನ್ನೆರಡು ಗಂಟೆ, ಅಂಗಡಿ ತುಂಬ ಜನ, ರೇಡಿಯೋ ಎಂದಿನಂತೆ ಅನ್ನದ ಡಬರಿಗಳ ಮೇಲಿನ ಹಲಗೆಯಲ್ಲಿ ಹಾಡುತ್ತಿತ್ತು. ಮೊದಲು ಮೇಯರು ಯಾವುದೋ ಸೇತುವೆಗೆ ರಿಬ್ಬನ್ ಕತ್ತರಿಸಿದ ಸುದ್ದಿ. ಆಮೇಲೆ ಅದೇ ದನಿಯಲ್ಲಿ, ಅದೇ ವೇಗದಲ್ಲಿ ನಿಲಾ ಓದಿದಳು:

"ಐಸ್ ಕಾರ್ಖಾನೆಯ ಕೆಲಸಗಾರ ಜೋನಾರ್ ಪಲೊಮರಿಯಾ, ಇಪ್ಪತ್ತಾರು ವರ್ಷ, ಇವರ ಅಂತ್ಯಕ್ರಿಯೆ ನಾಳೆ ಮಧ್ಯಾಹ್ನ ಮೂರು ಗಂಟೆಗೆ. ಇವರು ಜಾರಿ ನೀರಿಗೆ ಬಿದ್ದರೆಂದು ಪೊಲೀಸರು ತಿಳಿಸಿದ್ದಾರೆ. ನಿನ್ನೆ ನಾನು ಇವರ ಮನೆಗೆ ಹೋಗಿದ್ದೆ. ಪೆಟ್ಟಿಗೆಯ ಮೇಲೆ ಒಂದು ಕೋಳಿಮರಿ ಇತ್ತು. ತಾಯಿ ಅದಕ್ಕೆ ಅಕ್ಕಿ ಹಾಕುತ್ತಿದ್ದರು. ಮರಿಯ ಬಣ್ಣ ಹಳದಿ. ಅಂಗಳದಲ್ಲಿ ಇಪ್ಪತ್ತನಾಲ್ಕು ಕುರ್ಚಿಗಳಿದ್ದವು. ಇಪ್ಪತ್ತೆರಡು ಖಾಲಿ ಇದ್ದವು. ಮುಂದಿನ ಸುದ್ದಿ, ಸಕ್ಕರೆಯ ಬೆಲೆ."

ನಾನು ಮೀನಿನ ಹುಳಿ ಬಡಿಸುತ್ತಿದ್ದವಳು ಸೌಟನ್ನು ಡಬರಿಯೊಳಕ್ಕೇ ಬಿಟ್ಟುಬಿಟ್ಟೆ. ಮೂರು ಚಕ್ರದ ಗಾಡಿ ಓಡಿಸುವವನೊಬ್ಬ ಪಕ್ಕದವನನ್ನು ಕೇಳಿದ, "ಕೋಳಿಮರಿ ಅಂದ್ಲಾ?"

"ಅಂದ್ಲು."

"ಅವಳು ಇಲ್ಲದ್ದು ಹೇಳೋಳಲ್ಲ" ಎಂದು ಗಾಡಿಯವನು ಎದ್ದು, ಅರ್ಧ ಊಟ ಬಿಟ್ಟು ಹೋದ. ಅವನು ಹೋದದ್ದು ಹೆನಾಳ ಮನೆಗೆ. ಸಂಜೆಯ ಹೊತ್ತಿಗೆ ಆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಷ್ಟೋ ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡವರೆಲ್ಲ ಬಂದು, ಒಂದು ಚಿಟಿಕೆ ಅಕ್ಕಿಯನ್ನು ಗಾಜಿನ ಮೇಲೆ ಹಾಕಿ ಹೋದರು. ಐಸ್ ಎಳೆಯುವವರು ಗುಂಪಾಗಿ ಬಂದರು. ಕಣ್ಣು ಹೋದವನನ್ನು ಕೈಹಿಡಿದು ಕರೆತಂದರು. ಆ ಬಡಪಾಯಿ ಮರಿ ತಿಂದೂ ತಿಂದೂ ಸಾಕಾಗಿ ಪೆಟ್ಟಿಗೆಯ ಅಂಚಿನಲ್ಲಿ ನಿದ್ದೆ ಹೋಯಿತು. ಮೊಣಕಾಲು ನೋವಿನ ಮುದುಕಿ ಕೂಡ ಬಂದು ಪ್ರಾರ್ಥನೆ ಹೇಳಿದಳು. ಅವಳ ಮೊಣಕಾಲನ್ನು ನಾನು ವಿಚಾರಿಸಲಿಲ್ಲ, ದೇವರಾಣೆ ವಿಚಾರಿಸಬೇಕೆನಿಸಿತ್ತು.

ಜನ ನೋಡಿ ನಮ್ಮ ಬೀದಿಯ ಮುಖಂಡ ಹೆದರಿದ. ಏನಾದರೂ ಆದರೆ ತನ್ನ ತಲೆಗೆ ಬರುತ್ತದೆಂದು ಪ್ರಾಂತ್ಯದ ಆಫೀಸಿಗೆ ಫೋನು ಮಾಡಿದ. ಭಾನುವಾರ ಬೆಳಗ್ಗೆ ಅಲ್ಲಿಂದ ಒಬ್ಬ ಡಾಕ್ಟರಮ್ಮ ಬಂದಳು. ಹೆಣವನ್ನು ಮತ್ತೆ ಪರೀಕ್ಷೆ ಮಾಡಬೇಕು, ಇವತ್ತು ಹೂಳುವಂತಿಲ್ಲ ಎಂದಳು. ಪೆಟ್ಟಿಗೆ ಗೋರಿಗೆ ಹೋಗುವ ಬದಲು ಆಸ್ಪತ್ರೆಗೆ ಹೋಯಿತು.

ಇತ್ತ ರೇಡಿಯೋದ ಮ್ಯಾನೇಜರ್ ಸೆರಾಫಿನ್ ನಿಲಾಳನ್ನು ಕರೆಸಿದ. ನಡೆದದ್ದನ್ನು ಅವಳೇ ನನಗೆ ಹೇಳಿದ್ದು.

"ಇದೇನು ಓದಿದ್ರಿ?"

"ಸುದ್ದಿ."

"ಕೋಳಿಮರಿ ಸುದ್ದೀನಾ?"

"ಮರಿ ಇತ್ತೋ ಇಲ್ವೋ ಹೋಗಿ ನೋಡ್ಕೊಂಡು ಬನ್ನಿ ಸರ್. ಇಲ್ಲದಿದ್ರೆ ನಾನೇ ತಪ್ಪಾಯ್ತು ಅಂತ ಓದ್ತೀನಿ."

ಅವನು ವಕೀಲರಿಗೆ ಫೋನು ಮಾಡಿದ. ಯಾವ ವಕೀಲನಿಗೂ ದಾರಿ ಕಾಣಲಿಲ್ಲ. ಕೋಳಿಮರಿಯ ಮೇಲೆ ಮಾನನಷ್ಟದ ಕೇಸು ಹಾಕುವುದು ಹೇಗೆ? ಆದರೆ ಕೆಲಸದಿಂದ ತೆಗೆಯಲು ವಕೀಲ ಬೇಕಾಗುವುದಿಲ್ಲವಲ್ಲ. ಸೋಮವಾರದಿಂದ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಇಪ್ಪತ್ತು ವರ್ಷಕ್ಕೆ ಒಂದು ಹೂವಿನ ಗುಚ್ಛ, ಒಂದು ಗೋಡೆ ಗಡಿಯಾರ. ಆ ಗಡಿಯಾರವನ್ನು ನನ್ನ ಅಂಗಡಿಗೆ ಕೊಟ್ಟಳು. ಅದು ದಿನಕ್ಕೆ ಕಾಲು ಗಂಟೆ ಹಿಂದೆ ಬೀಳುತ್ತದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಡಾಕ್ಟರಮ್ಮ ಪರೀಕ್ಷೆ ಮಾಡಿ ಹೋದಳು, ಹೆಣ ಕೊಟ್ಟರು, ಜೋನಾರನನ್ನು ಹೂತೆವು, ವರದಿ ಮಾತ್ರ ಬರಲಿಲ್ಲ. ವರದಿ ಎಲ್ಲಿದೆ ಎಂದರೆ ಪ್ರಾಂತ್ಯದ ಆಫೀಸಿನಲ್ಲಿದೆ. ಅಲ್ಲಿ ಕೇಳಿದರೆ ಪೊಲೀಸರಿಗೆ ಕಳಿಸಿದ್ದೇವೆ. ಪೊಲೀಸರನ್ನು ಕೇಳಿದರೆ ಸಹಿ ಆಗಿಲ್ಲ. ಹನ್ನೊಂದು ತಿಂಗಳು ಹೆನಾ ಚಪ್ಪಲಿ ಸವೆಸಿದಳು. ಪ್ರತಿ ಸಲವೂ ಜೊತೆಗೆ ನಿಲಾ ಹೋದಳು. ಬಸ್ಸಿನಲ್ಲಿ ಎರಡೂವರೆ ಗಂಟೆ ಹೋಗುವುದು, ಎರಡೂವರೆ ಗಂಟೆ ಬರುವುದು, ನಡುವೆ ಬೆಂಚಿನ ಮೇಲೆ ಕಾಯುವುದು.

ಆಫೀಸಿನ ಗುಮಾಸ್ತರು ಹೆನಾಳನ್ನು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ನಿಲಾಳನ್ನು ನೋಡಿ ಎದ್ದು ಬರುತ್ತಿದ್ದರು. "ನೀವು ಮಿರೆಲ್ಲಾ ವೇಗಾ ಅಲ್ವಾ? ನಮ್ಮಮ್ಮ ನಿಮ್ಮ ಸಿನಿಮಾ ನೋಡಿ ಮೂರು ದಿನ ಅಳ್ತಿದ್ರು. ಒಂದು ಫೋಟೋ ಕೊಡಿ" ಎನ್ನುತ್ತಿದ್ದರು. ಇಪ್ಪತ್ತು ವರ್ಷ ಆ ಹೆಸರನ್ನು ಬಾಯಿಗೆ ತರದವಳು, ಅವರ ಹೆಗಲ ಮೇಲೆ ಕೈ ಹಾಕಿ, ಹಲ್ಲು ಕಾಣುವಂತೆ ನಕ್ಕು ಫೋಟೋ ತೆಗೆಸಿಕೊಂಡು, "ಈಗ ಆ ಫೈಲು ಎಲ್ಲಿದೆ ನೋಡ್ತೀಯಾ, ತೊತೊ, ನನ್ನ ತಮ್ಮಾ?" ಎಂದು ಕೇಳುತ್ತಿದ್ದಳು. ಒಬ್ಬ ದೊಡ್ಡ ಅಧಿಕಾರಿಯಂತೂ ತನ್ನ ಹೆಂಡತಿಗೆ ಫೋನು ಹಚ್ಚಿ ಕೊಟ್ಟು, ಒಂದು ಸಲ ಅತ್ತು ತೋರಿಸಿ ಎಂದನಂತೆ.

"ಅತ್ತೆಯಾ?" ಎಂದು ಕೇಳಿದೆ.

"ಅತ್ತೆ. ಫೈಲು ಆ ದಿನವೇ ಒಂದು ಮೇಜು ಮುಂದೆ ಹೋಯ್ತು" ಎಂದಳು. ಸಾರನ್ನು ಮುಟ್ಟಲಿಲ್ಲ. ನಾನು ಬಟ್ಟಲನ್ನು ಮತ್ತೆ ಅವಳ ಕಡೆಗೆ ಸರಿಸಿದೆ.

ಮರುವರ್ಷ ಫೆಬ್ರವರಿಯಲ್ಲಿ ಕಾಗದ ಕೈಗೆ ಬಂತು. ಬೆಳಗಿನ ಹತ್ತೂವರೆ ಹನ್ನೊಂದು ಇರಬೇಕು, ನಾವು ಮೂವರೂ ಹೆನಾಳ ಮನೆಯಲ್ಲಿದ್ದೆವು. ಕಾಗದ ಇಂಗ್ಲಿಷಿನಲ್ಲಿತ್ತು. ಸರಕಾರ ನಮ್ಮೊಡನೆ ಮಾತಾಡುವುದು ಯಾವಾಗಲೂ ಇಂಗ್ಲಿಷಿನಲ್ಲೇ. ಹೆನಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೊಹರನ್ನು ಬೆರಳಿಂದ ಸವರಿ, ನಿಲಾಳಿಗೆ ಕೊಟ್ಟಳು.

"ನಮ್ಮ ಮಾತಲ್ಲಿ ಓದಿ. ರೇಡಿಯೋದಲ್ಲಿ ಓದೋ ಥರ ಓದಿ."

ನಿಲಾ ಕನ್ನಡಕ ಹಾಕಿಕೊಂಡಳು. ಬೆನ್ನು ನೇರ ಮಾಡಿದಳು. ಹನ್ನೊಂದು ತಿಂಗಳಿಂದ ನಾನು ಕೇಳದೇ ಇದ್ದ ದನಿ ಹೊರಬಂತು.

"ಮೃತರ ಹೆಸರು ಜೋನಾರ್ ಪಲೊಮರಿಯಾ. ತಲೆಯ ಹಿಂಭಾಗದ ಮೂಳೆ ಒಡೆದಿದೆ. ಇದು ಬಿದ್ದು ಆದ ಗಾಯವಲ್ಲ, ಗಟ್ಟಿ ವಸ್ತುವಿನಿಂದ ಎರಡು ಸಲ ಹೊಡೆದದ್ದು. ಮೊದಲ ದಿನ ಆಸ್ಪತ್ರೆಯಲ್ಲಿ ತೆಗೆದಿಟ್ಟ ರಕ್ತದಲ್ಲಿ ಮದ್ಯದ ಅಂಶ ಇರಲಿಲ್ಲ."

ಮೊದಲ ದಿನವೇ ರಕ್ತ ತೆಗೆದಿಟ್ಟಿದ್ದರಂತೆ. ಒಬ್ಬರೂ ಆ ಚೀಟಿಯನ್ನು ತೆಗೆದು ನೋಡಿರಲಿಲ್ಲ. ಹೊಡೆದವರು ಯಾರೆಂದು ಕಾಗದದಲ್ಲಿ ಇರಲಿಲ್ಲ. ಇವತ್ತಿಗೂ ಯಾವ ಕಾಗದದಲ್ಲೂ ಇಲ್ಲ. ಕಾರ್ಖಾನೆಯಲ್ಲಿ ಪೈಪನ್ನು ಮಾತ್ರ ಸದ್ದಿಲ್ಲದೆ ಬದಲಿಸಿದರು.

"ಕೊನೇದು ಇನ್ನೊಂದ್ಸಲ ಓದಿ" ಎಂದಳು ಹೆನಾ.

"ರಕ್ತದಲ್ಲಿ ಮದ್ಯದ ಅಂಶ ಇರಲಿಲ್ಲ."

ಹೆನಾ ತಲೆ ಅಲ್ಲಾಡಿಸಿದಳು. "ನನಗ್ಯಾಕೆ ಓದ್ತೀರಿ, ಮನಾಂಗ್? ನನಗೆ ಗೊತ್ತೇ ಇತ್ತು. ಆ ಕಿಟಕಿ ಹತ್ರ ಹೋಗಿ ಓದಿ."

ಕಿಟಕಿಯ ಹೊರಗೆ ಬೀದಿಯ ನಲ್ಲಿ. ಆ ಹೊತ್ತಿಗೆ ಅಲ್ಲಿ ಎಂಟು ಹತ್ತು ಹೆಂಗಸರು ಬಟ್ಟೆ ಒಗೆಯುತ್ತಾ ಕೂತಿರುತ್ತಾರೆ. ನಿಲಾ ಎದ್ದುಹೋಗಿ, ಕಿಟಕಿಯ ಪಟ್ಟಿಗೆ ಒಂದು ಕೈ ಕೊಟ್ಟು ನಿಂತು, ಮೊದಲಿನಿಂದ ಓದಿದಳು. ಹೆಸರು, ವಯಸ್ಸು, ಬೀದಿ, ತಲೆಯ ಗಾಯ, ರಕ್ತ. ದನಿ ಏರಲಿಲ್ಲ, ಇಳಿಯಲಿಲ್ಲ. ಎರಡನೇ ಸಲ ಓದುವಾಗ ಯಾರೋ ನಲ್ಲಿ ನಿಲ್ಲಿಸಿದರು. ಮೂರನೇ ಸಲ ಮುಗಿದಾಗ, ಅಪ್ಪನ ಹಾಗೇ ಮಗ ಎಂದು ಹೋದ ವರ್ಷ ಎಲ್ಲರಿಗಿಂತ ಮೊದಲು ಆಡಿದ್ದ ಪಕ್ಕದ ಮನೆಯ ಹೆಂಗಸು, ಸೋಪಿನ ನೊರೆ ಹತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಎದ್ದು ನಿಂತಳು.

"ಕೇಳಿಸ್ತು, ಹೆನಾ" ಎಂದಳು. "ನಮಗೆ ಕೇಳಿಸ್ತು."

ಹೆನಾ ಒಳಗಿನಿಂದಲೇ, "ಇನ್ನೊಂದ್ಸಲ" ಎಂದಳು. ನಿಲಾ ಕನ್ನಡಕ ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಓದಿದಳು.